ಹಾಸಿಗೆಯ ದರ, ಕಾರ್ಡಿನ ದರ: ಅಣ್ಣನ ಸ್ಟೆಂಟ್‌ಗಾಗಿ ಎರಡು ಕಡೆ ಲೆಕ್ಕ ಕೇಳಿದ ಅನುಭವ

2025ರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಖಾಸಗಿ ಆಸ್ಪತ್ರೆಯೊಂದರ ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ಕ್ಯಾಥ್ ಲ್ಯಾಬ್ ಹೊರಗಿನ ಸಣ್ಣ ಕೊಠಡಿಯಲ್ಲಿ ನನ್ನನ್ನೂ ಅಣ್ಣನ ಮಗನನ್ನೂ ಕೂರಿಸಿ, ವೈದ್ಯರು ಕಂಪ್ಯೂಟರ್ ಪರದೆಯ ಮೇಲೆ ಅಣ್ಣನ ಹೃದಯದ ರಕ್ತನಾಳಗಳನ್ನು ತೋರಿಸಿದರು. ಕವಲೊಡೆದ ಬೇರಿನಂತೆ ಕಾಣುತ್ತಿದ್ದ ಕಪ್ಪು ಗೆರೆಗಳಲ್ಲಿ ಒಂದು, ನಡುವೆ ನೂಲಿನಷ್ಟು ಸಣ್ಣದಾಗಿ ಮತ್ತೆ ಅಗಲವಾಗುತ್ತಿತ್ತು. ಎಲ್‌ಎಡಿ ಎಂದು ಅವರು ಕರೆಯುವ ಮುಂಭಾಗದ ನಾಳದಲ್ಲಿ ಶೇಕಡಾ 90ರಷ್ಟು ಬ್ಲಾಕ್ ಇದೆ ಎಂದರು. ಅಂಥ ಕಡೆ ನಾಳವನ್ನು ತೆರೆದು ಹಿಡಿಯಲು ಇಡುವ ಸಣ್ಣ ಜಾಲರಿ ಕೊಳವೆಯೇ ಸ್ಟೆಂಟ್. "ಯಜಮಾನರು ಇನ್ನೂ ಟೇಬಲ್ ಮೇಲೆಯೇ ಇದ್ದಾರೆ. ನೀವು ಒಪ್ಪಿದರೆ ಈಗಲೇ ಸ್ಟೆಂಟ್ ಹಾಕಿಬಿಡಬಹುದು, ಇನ್ನೊಂದು ಸಲ ಕೈ ಚುಚ್ಚುವುದು ತಪ್ಪುತ್ತದೆ" ಎಂದು ಹೇಳುವ ಹೊತ್ತಿಗೆ, ಬಿಲ್ಲಿಂಗ್ ವಿಭಾಗದ ಹುಡುಗಿಯೊಬ್ಬಳು ಎಸ್ಟಿಮೇಟ್ ಹಾಳೆಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ನಾನು ಮೂವತ್ತು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವನು. ಸಹಿ ಹಾಕುವ ಮುನ್ನ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದುವುದು ನನಗೆ ಅಭ್ಯಾಸವಾಗಿಹೋಗಿದೆ. ಆದರೆ ಒಳಗೆ ಒಡಹುಟ್ಟಿದವನು ಮಲಗಿರುವಾಗ, ಹೊರಗೆ ಹತ್ತು ನಿಮಿಷದಲ್ಲಿ ಎರಡೂಕಾಲು ಲಕ್ಷದ ತೀರ್ಮಾನ ಮಾಡಬೇಕಾದ ಸ್ಥಿತಿಯಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ. ಕಡೆಗೆ ಕೇಳಬೇಕಾದ ಪ್ರಶ್ನೆ ಕೇಳಿದ್ದು ನನ್ನ ಅಣ್ಣನ ಮಗ: "ಡಾಕ್ಟ್ರೇ, ಇದು ಇವತ್ತೇ ಆಗಬೇಕಾದದ್ದೇ?" ವೈದ್ಯರು ಪ್ರಾಮಾಣಿಕರು, ಒಂದು ಕ್ಷಣ ಸುಮ್ಮನಿದ್ದು, "ಇವತ್ತೇ ಅಂತ ಇಲ್ಲ. ಇದು ಹಾರ್ಟ್ ಅಟ್ಯಾಕ್ ಅಲ್ಲ. ಆದರೆ ತಿಂಗಳುಗಟ್ಟಲೆ ಮುಂದಕ್ಕೆ ಹಾಕಬೇಡಿ" ಎಂದರು. ಆ ಮಾತು ಸಿಕ್ಕಿದ್ದರಿಂದಲೇ ನಾವು ಆ ದಿನ ಆಂಜಿಯೋಗ್ರಾಮ್ ಎಂಬ ಆ ರಕ್ತನಾಳ ಪರೀಕ್ಷೆಯ ಹಣವನ್ನಷ್ಟೇ ಕಟ್ಟಿ, ಅದರ ಸಿಡಿಯನ್ನು ಕೇಳಿ ಪಡೆದು, ಎಸ್ಟಿಮೇಟ್ ಹಾಳೆಯನ್ನು ಮಡಚಿಕೊಂಡು ಮನೆಗೆ ಬಂದೆವು. ತುರ್ತು ಚಿಕಿತ್ಸೆಯಾಗಿದ್ದರೆ ದರ ಹೋಲಿಸುವ ಮಾತೇ ಬರುತ್ತಿರಲಿಲ್ಲ, ಬರಲೂಬಾರದು. ಎದೆನೋವು ಬಂದ ಗಂಟೆಯೊಳಗೆ ಹತ್ತಿರದ ಆಸ್ಪತ್ರೆ ಯಾವುದೋ ಅದೇ ಸರಿಯಾದ ಆಸ್ಪತ್ರೆ.

ಆ ರಾತ್ರಿ ಹಾಳೆಯನ್ನು ನಿಧಾನವಾಗಿ ಓದಿದೆ. ಅದರಲ್ಲಿ ಮೂರು ಕಾಲಂಗಳಿದ್ದವು: ಜನರಲ್ ವಾರ್ಡ್‌ಗೆ ₹1,92,000, ಇಬ್ಬರು ಹಂಚಿಕೊಳ್ಳುವ ಕೊಠಡಿಗೆ ₹2,28,000, ಒಂಟಿ ಕೊಠಡಿಗೆ ₹2,71,000. ಕೊಠಡಿ ದೊಡ್ಡದಾದರೆ ಬಾಡಿಗೆ ಹೆಚ್ಚುವುದು ಸಹಜ. ಆದರೆ ಹೆಚ್ಚಿದ್ದು ಬಾಡಿಗೆಯಷ್ಟೇ ಅಲ್ಲ. ಕ್ಯಾಥ್ ಲ್ಯಾಬ್ ಶುಲ್ಕ, ವೈದ್ಯರ ಶುಲ್ಕ, ಅವರಿಗೆ ಸಹಾಯ ಮಾಡುವವರ ಶುಲ್ಕ, ಕೊನೆಗೆ ಡಯಟೀಷಿಯನ್ ಬಂದು ಮಾತನಾಡಿಸುವ ಶುಲ್ಕ ಕೂಡ ಕಾಲಂನಿಂದ ಕಾಲಂಗೆ ಏರುತ್ತಿತ್ತು. ಅದೇ ಯಂತ್ರ, ಅದೇ ವೈದ್ಯರು, ಅದೇ ನಲವತ್ತು ನಿಮಿಷದ ಕೆಲಸ. ರೋಗಿ ಆಮೇಲೆ ಯಾವ ಹಾಸಿಗೆಗೆ ಹೋಗಿ ಮಲಗುತ್ತಾನೆ ಎಂಬುದರ ಮೇಲೆ ಅದರ ಬೆಲೆ ನಿಗದಿಯಾಗುತ್ತದೆ. ಎಲ್ಲ ಕಾಲಂಗಳಲ್ಲೂ ಒಂದೇ ಆಗಿದ್ದ ಸಾಲು ಒಂದೇ ಒಂದು: ಔಷಧ ಲೇಪಿತ ಸ್ಟೆಂಟ್, ತೆರಿಗೆ ಸೇರಿ ₹40,880.

ಆ ಸಾಲು ಅಲುಗಾಡದೆ ನಿಂತಿರುವುದಕ್ಕೆ ಕಾರಣವಿದೆ. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಸ್ಟೆಂಟ್‌ಗಳಿಗೆ ಗರಿಷ್ಠ ದರವನ್ನು ಗೊತ್ತುಮಾಡಿತು. ಲೇಪನವಿಲ್ಲದ ಲೋಹದ ಸ್ಟೆಂಟ್‌ಗೆ ₹7,260, ಔಷಧ ಲೇಪಿತ ಸ್ಟೆಂಟ್‌ಗೆ ₹29,600. ಅದಕ್ಕೂ ಹಿಂದೆ ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ದಾಟಿ ಕೊಟ್ಟವರು ನಮ್ಮ ಸಂಘದ ಸದಸ್ಯರಲ್ಲೇ ಇದ್ದರು. ಸಗಟು ಬೆಲೆ ಸೂಚ್ಯಂಕ ಏರಿದಂತೆ ಈ ಮಿತಿಯನ್ನೂ ಪರಿಷ್ಕರಿಸಲಾಗುತ್ತದೆ; ಅಣ್ಣನ ಸರದಿ ಬಂದಾಗ ಅದು ₹38,933 ಆಗಿತ್ತು, ಅದಕ್ಕೆ ಶೇಕಡಾ 5ರ ಜಿಎಸ್‌ಟಿ. ಆಸ್ಪತ್ರೆಯು ಸ್ಟೆಂಟ್‌ನ ಬೆಲೆಯನ್ನು ಬ್ರ್ಯಾಂಡ್, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಯೊಂದಿಗೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕೆಂಬ ನಿಯಮವೂ ಇದೆ. ಅಂದರೆ ಮಧ್ಯದ ಕಾಲಂನ ₹2,28,000ದಲ್ಲಿ ಅಣ್ಣನ ಎದೆಯೊಳಗೆ ಉಳಿಯುವ ವಸ್ತುವಿನ ಪಾಲು ಐದನೇ ಒಂದಕ್ಕಿಂತ ಕಡಿಮೆ. ಉಳಿದ ನಾಲ್ಕು ಪಾಲು ಅದರ ಸುತ್ತ ಇರುವ ಸಂಗತಿಗಳದ್ದು. ಅವುಗಳಲ್ಲಿ ಬಹುಪಾಲಿಗೆ ಅಂಥ ಮಿತಿಯಿಲ್ಲ.

ಆ ಸುತ್ತಲಿನ ಸಂಗತಿಗಳೇನು ಎಂದು ತಿಳಿಯಲು ಸಂಘದ ಸದಸ್ಯರೊಬ್ಬರ ಮನೆಗೆ ಹೋದೆ. ಅವರಿಗೆ ಎಂಟು ತಿಂಗಳ ಹಿಂದೆ ಬೇರೊಂದು ಖಾಸಗಿ ಆಸ್ಪತ್ರೆಯಲ್ಲಿ ಒಂದು ಸ್ಟೆಂಟ್ ಹಾಕಲಾಗಿತ್ತು. ಎಸ್ಟಿಮೇಟ್ ₹2,30,000, ಬಂದ ಬಿಲ್ಲು ₹2,79,000. ಬೀರುವಿನಿಂದ ತೆಗೆದುಕೊಟ್ಟ ಬಿಲ್ಲು ಹದಿನಾಲ್ಕು ಪುಟವಿತ್ತು. ಗೈಡಿಂಗ್ ಕ್ಯಾಥೆಟರ್ ಎಂಬ ತೆಳು ಕೊಳವೆ, ಅದರೊಳಗೆ ಸಾಗುವ ಗೈಡ್ ವೈರ್ ಎರಡು, ಬ್ಲಾಕ್ ಅಗಲಿಸುವ ಬಲೂನ್ ಮೂರು, ಬಲೂನ್ ಉಬ್ಬಿಸುವ ಸಾಧನ, ಕಾಂಟ್ರಾಸ್ಟ್ ದ್ರವದ ಬಾಟಲಿಗಳು, ಮಣಿಕಟ್ಟಿಗೆ ಕಟ್ಟುವ ಪಟ್ಟಿ. ಆಮೇಲೆ ಎರಡೂವರೆ ಪುಟದ ತುಂಬ ಕೈಗವಸು, ಸಿರಿಂಜು, ಹತ್ತಿ. ಬಲೂನ್‌ಗಳ ಸಾಲುಗಳನ್ನು ಕೂಡಿದಾಗ ಸ್ಟೆಂಟ್‌ನ ಬೆಲೆಯನ್ನು ಮೀರಿತು. ಅವುಗಳಲ್ಲಿ ಯಾವುದು ಅನಗತ್ಯ ಎಂದು ಹೇಳುವ ವಿದ್ಯೆ ನನಗಿಲ್ಲ. ಗಟ್ಟಿಯಾದ ಬ್ಲಾಕ್ ಇದ್ದರೆ ಬಲೂನ್ ಹೆಚ್ಚು ಬೇಕಾಗುತ್ತದಂತೆ. ಆದರೆ ಎಸ್ಟಿಮೇಟ್ ಹಾಳೆಯಲ್ಲಿ ಇವೆಲ್ಲ "ಕನ್ಸ್ಯೂಮಬಲ್ಸ್, ಬಳಕೆಗೆ ತಕ್ಕಂತೆ" ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತವೆ ಎಂಬುದು ನನಗೆ ಅಲ್ಲಿ ಅರ್ಥವಾಯಿತು. ಬಳಕೆಗೆ ತಕ್ಕಂತೆ ಎಂದ ಮೇಲೆ ಅದು ಎಸ್ಟಿಮೇಟ್ ಹೇಗಾದೀತು?

ಅಣ್ಣನಿಗೆ ಆರೋಗ್ಯ ವಿಮೆ ಇತ್ತು. ಇದ್ದೂ ಉಪಯೋಗಕ್ಕೆ ಬರಲಿಲ್ಲ. ಪಾಲಿಸಿ ಮಾಡಿಸಿ ಒಂದೂವರೆ ವರ್ಷವಾಗಿತ್ತು, ಅರ್ಜಿಯಲ್ಲಿ ರಕ್ತದೊತ್ತಡ ಇರುವುದನ್ನು ಅಣ್ಣನೇ ಸತ್ಯವಾಗಿ ಬರೆದಿದ್ದ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು ಎಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ, ಅದಕ್ಕೂ ಹಿಂದೆ 48 ತಿಂಗಳಿತ್ತು; ಎರಡರಲ್ಲಿ ಯಾವುದನ್ನು ಹಿಡಿದರೂ ನಮ್ಮ ಕಾಯುವ ಅವಧಿ ಮುಗಿದಿರಲಿಲ್ಲ. ಹೃದಯದ ತೊಂದರೆ ರಕ್ತದೊತ್ತಡದಿಂದಲೇ ಬಂದದ್ದು ಎಂದು ಹೇಗೆ ಹೇಳುತ್ತೀರಿ ಎಂದು ಅಣ್ಣನ ಮಗ ಫೋನಿನಲ್ಲಿ ವಾದಿಸಿದ. ವಿಮಾ ಕಂಪನಿಯವರು ಸೌಜನ್ಯದಿಂದಲೇ ಇಲ್ಲವೆಂದರು. ಪಾಲಿಸಿಯನ್ನು ಓದುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ದಿನಕ್ಕೆ ₹3,000ದವರೆಗಿನ ಕೊಠಡಿಗೆ ಮಾತ್ರ ಅದು ಒಪ್ಪುತ್ತಿತ್ತು. ₹6,000ದ ಕೊಠಡಿ ಹಿಡಿದಿದ್ದರೆ ಬಾಡಿಗೆಯಲ್ಲಿ ಅರ್ಧ ಮಾತ್ರವಲ್ಲ, ವೈದ್ಯರ ಶುಲ್ಕದಂಥ ಕೊಠಡಿಗೆ ತಳುಕು ಹಾಕಿಕೊಂಡ ಬಾಬುಗಳಲ್ಲೂ ಅರ್ಧ ಕಡಿತವಾಗುತ್ತಿತ್ತು. ಔಷಧ ಮತ್ತು ಸ್ಟೆಂಟ್‌ನಂಥ ಸಾಧನಗಳಿಗೆ ಆ ಅನುಪಾತದ ಕಡಿತ ಅನ್ವಯಿಸಬಾರದೆಂಬ ನಿಯಮವಿರುವುದೇ ಸಮಾಧಾನ. ಇಲ್ಲಿಯೂ ಲೆಕ್ಕ ಶುರುವಾಗುವುದು ಹಾಸಿಗೆಯಿಂದಲೇ.

ನಂತರ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಹೋದೆವು. ಕರ್ನಾಟಕದಲ್ಲಿ ಸರ್ಕಾರಿ ಹೃದ್ರೋಗ ಚಿಕಿತ್ಸೆ ಎಂದರೆ ಮೊದಲು ನೆನಪಾಗುವುದು ಜಯದೇವ ಸಂಸ್ಥೆ. ಬೆಂಗಳೂರಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಅದರ ಆಸ್ಪತ್ರೆಗಳಿವೆ, "ಚಿಕಿತ್ಸೆ ಮೊದಲು, ಹಣ ನಂತರ" ಎಂಬ ಅದರ ನೀತಿ ಮನೆಮಾತಾಗಿದೆ. ನಾವು ಹೋದದ್ದು ಅಲ್ಲಿಗಲ್ಲ, ಬಸ್ಸಿನ ಅನುಕೂಲ ನೋಡಿ ಇನ್ನೊಂದು ಕಡೆಗೆ. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತು, ಹತ್ತು ರೂಪಾಯಿ ಕೊಟ್ಟು ಓಪಿಡಿ ಚೀಟಿ ಮಾಡಿಸಿ, ಹನ್ನೊಂದೂವರೆಗೆ ವೈದ್ಯರನ್ನು ಕಂಡೆವು. ಅವರು ಮೊದಲು ಕೇಳಿದ್ದು ಸಿಡಿ. ಕೊಟ್ಟೆವು. ಅಲ್ಲಿನ ಕಂಪ್ಯೂಟರಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ಕ್ಯಾಥ್ ಲ್ಯಾಬ್‌ನಲ್ಲಿ ಹಾಕಿ ನೋಡಬಹುದು, ಆದರೆ ಅಲ್ಲಿ ಕೇಸ್ ನಡೆಯುತ್ತಿದೆ ಎಂದರು. ಮೂರು ಗಂಟೆಗೆ ಕೇಸುಗಳು ಮುಗಿದ ಮೇಲೆ ಅದೇ ವೈದ್ಯರು ಊಟವನ್ನೂ ಮಾಡದೆ ಒಳಗೆ ಹೋಗಿ ನೋಡಿ ಬಂದು, ಹೊರಗಿನ ಕಲ್ಲುಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತು ವಿವರಿಸಿದರು. ಮತ್ತೆ ಆಂಜಿಯೋಗ್ರಾಮ್ ಮಾಡುವ ಅಗತ್ಯವಿಲ್ಲ ಎಂದಾಗ, ಆ ಸಿಡಿಯನ್ನು ಕೇಳಿ ಪಡೆದದ್ದು ಎಷ್ಟು ಒಳ್ಳೆಯದಾಯಿತು ಎಂದು ತಿಳಿಯಿತು.

ಖಾಸಗಿ ಆಸ್ಪತ್ರೆಯಲ್ಲಿ ಯಾರೂ ಎತ್ತದ ವಿಷಯವೊಂದನ್ನು ಈ ವೈದ್ಯರು ಎತ್ತಿದರು. ಹೃದಯಾಘಾತವಾಗದೆ, ನಡೆದಾಗ ಮಾತ್ರ ಎದೆ ಹಿಡಿಯುವ ಸ್ಥಿತಿಯಲ್ಲಿ ಸ್ಟೆಂಟ್ ಹಾಕುವುದರಿಂದ ನೋವು ಕಡಿಮೆಯಾಗುತ್ತದೆ. ಆದರೆ ಒಳ್ಳೆಯ ಔಷಧ ಚಿಕಿತ್ಸೆಗೆ ಹೋಲಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ ಎಂದರು. ಮಗ ಮನೆಗೆ ಬಂದು ಹುಡುಕಿದ; 2007ರಲ್ಲಿ ಪ್ರಕಟವಾದ ಕರೇಜ್, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಎರಡು ಅಧ್ಯಯನಗಳು ಸಿಕ್ಕವು, ಎರಡನೆಯದರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಎಲ್ಲ ಬ್ಲಾಕ್‌ಗಳಿಗೂ ಈ ಮಾತು ಸಲ್ಲುವುದಿಲ್ಲ, ಎಡಭಾಗದ ಮೂಲನಾಳದಲ್ಲೇ ತಡೆಯಿದ್ದರೆ ಮಾತು ಬೇರೆ ಎಂದೂ ವೈದ್ಯರು ಎಚ್ಚರಿಸಿದ್ದರು. ಅಣ್ಣನಿಗೆ ನಾಲ್ಕು ವಾರ ಮಾತ್ರೆ ಕೊಟ್ಟು ನೋಡೋಣ, ನೋವು ನಿಲ್ಲದಿದ್ದರೆ ಸ್ಟೆಂಟ್ ಹಾಕೋಣ ಎಂದು ನಿರ್ಧರಿಸಿದರು. ಅಲ್ಲಿ ಸ್ಟೆಂಟ್‌ಗೆ ಹೇಗೂ ಐದು ವಾರದ ಸರದಿ ಇತ್ತು. ಸರದಿ ಇದ್ದುದರಿಂದ ಈ ಸಲಹೆ ಬಂತೋ, ಸಲಹೆ ಸರಿಯಾಗಿದ್ದುದರಿಂದ ಸರದಿ ಭಾರವಾಗಲಿಲ್ಲವೋ ಎಂದು ಅತ್ತಿಗೆ ಅನುಮಾನಪಟ್ಟರು. ನಾನು ಎರಡನೆಯದನ್ನು ನಂಬಿದೆ. ಆದರೆ ಅತ್ತಿಗೆಯ ಅನುಮಾನವನ್ನು ತಳ್ಳಿಹಾಕುವ ದಾಖಲೆ ನನ್ನ ಬಳಿ ಇಲ್ಲ.

ಆ ಐದು ವಾರಗಳಲ್ಲಿ ಖಾಸಗಿ ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಮೊದಲ ಸಲ ಅಣ್ಣನ ಆರೋಗ್ಯ ವಿಚಾರಿಸಿದರು. ಎರಡನೆಯ ಸಲ, ತಿಂಗಳಾಂತ್ಯದೊಳಗೆ ಬಂದರೆ ಪ್ಯಾಕೇಜಿನಲ್ಲಿ ಶೇಕಡಾ 15 ಕಡಿಮೆ ಮಾಡುತ್ತೇವೆ ಎಂದರು. ₹2,28,000ದ ಶೇಕಡಾ 15 ಎಂದರೆ ₹34,200. ಕ್ಯಾಥ್ ಲ್ಯಾಬ್ ಹೊರಗೆ ಕೂತ ಆ ಹತ್ತು ನಿಮಿಷದಲ್ಲಿ ಸಹಿ ಹಾಕಿದ್ದರೆ ನಾವು ಕೊಟ್ಟೇಬಿಡುತ್ತಿದ್ದ ಹಣ.

ಮಾತ್ರೆಗಳಿಂದ ನೋವು ಅರ್ಧಕ್ಕರ್ಧ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಮಹಡಿ ಹತ್ತಿದರೆ ನಾಲಿಗೆಯಡಿಯ ಮಾತ್ರೆ ಬೇಕೇ ಆಗುತ್ತಿತ್ತು. ಹಾಗಾಗಿ ಜುಲೈ ಕೊನೆಯಲ್ಲಿ ದಾಖಲಾದೆವು. ದಾಖಲಾತಿಯ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ ಯಾವ ಕೊಠಡಿ ಬೇಕು ಎಂಬುದಲ್ಲ, ಯಾವ ಕಾರ್ಡ್ ಇದೆ ಎಂಬುದು. ಖಾಸಗಿಯಲ್ಲಿ ಹಾಸಿಗೆ ಮಾಡುವ ಕೆಲಸವನ್ನು ಇಲ್ಲಿ ರೇಷನ್ ಕಾರ್ಡ್ ಮಾಡುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರ್ಕಾರದ ಪಾಲು, ಅದೂ ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. ನಮ್ಮದು ಎಪಿಎಲ್. ಪಕ್ಕದ ಹಾಸಿಗೆಯಲ್ಲಿದ್ದ ಗಾರೆ ಕೆಲಸದವರಿಗೆ ಎರಡು ಸ್ಟೆಂಟ್ ಹಾಕಿದ್ದರು, ಅವರ ಬಿಲ್ಲಿನ ಕೊನೆಯಲ್ಲಿ ಸೊನ್ನೆ ಇತ್ತು. ಅದನ್ನು ಕಂಡು ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ಸುಳ್ಳು. ಅವರ ಹೆಂಡತಿ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸೆರಗಿನಡಿ ಹಿಡಿದುಕೊಂಡಿದ್ದ ರೀತಿ ಈಗಲೂ ಕಣ್ಣ ಮುಂದಿದೆ.

ಅವರಿಂದಲೇ ಇನ್ನೊಂದು ಸಂಗತಿ ತಿಳಿಯಿತು. ಅವರು ಮೊದಲು ಹೋದದ್ದು ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದ ಒಂದು ಖಾಸಗಿ ಆಸ್ಪತ್ರೆಗೆ. ತುರ್ತಲ್ಲದ ಇಂಥ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದರೆ ಮಾತ್ರ ಖಾಸಗಿಯಲ್ಲಿ ಯೋಜನೆ ಅನ್ವಯಿಸುತ್ತದೆ, ಇಲ್ಲವಾದರೆ ಪೂರ್ತಿ ಹಣ ಕಟ್ಟಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ಆ ಪತ್ರ ಬೇಡ. ಹಾಗೆಂದರೆ ಒಂದೇ ಖಾಸಗಿ ಆಸ್ಪತ್ರೆಯ ಒಂದೇ ಕ್ಯಾಥ್ ಲ್ಯಾಬ್‌ಗೆ, ಕೈಯಲ್ಲಿರುವ ಕಾಗದದ ಮೇಲೆ ಅವಲಂಬಿಸಿ, ಎರಡು ದರಗಳಿವೆ. ಹೋಲಿಕೆ ಸರ್ಕಾರಿ, ಖಾಸಗಿ ಎಂಬ ಎರಡೇ ತಕ್ಕಡಿಯಲ್ಲಿ ನಡೆಯುತ್ತದೆ ಎಂದುಕೊಂಡಿದ್ದ ನನಗೆ, ಖಾಸಗಿ ಗೋಡೆಯೊಳಗೇ ಸರ್ಕಾರಿ ದರವೂ ಇದೆ ಎಂಬುದು ಹೊಸ ವಿಷಯ.

ಸ್ಟೆಂಟ್ ಹಾಕಿದ ದಿನದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದ ಅಣ್ಣ ಹನ್ನೊಂದಕ್ಕೆ ಹೊರಗೆ ಬಂದು ಕಾಫಿ ಕೇಳಿದ. ಮೂರನೆಯ ದಿನ ಡಿಸ್ಚಾರ್ಜ್. ಒಟ್ಟು ಬಿಲ್ಲು ₹86,200. ಯೋಜನೆಯಿಂದ ₹24,000 ಕಳೆದು ನಾವು ಕಟ್ಟಿದ್ದು ₹62,200. ಟೆಂಡರ್ ಮೂಲಕ ಒಟ್ಟಾಗಿ ಕೊಳ್ಳುವುದರಿಂದ ಸ್ಟೆಂಟ್ ಸರ್ಕಾರದ ಗರಿಷ್ಠ ದರಕ್ಕಿಂತಲೂ ಕಡಿಮೆಗೆ ಬಿದ್ದಿತ್ತು. ಬಿಲ್ಲು ಒಂದೂಕಾಲು ಪುಟ. ಡಿಸ್ಚಾರ್ಜ್ ಸಾರಾಂಶದ ಹಿಂಬದಿಗೆ ಸ್ಟೆಂಟ್‌ನ ಪೆಟ್ಟಿಗೆಯಿಂದ ಕಿತ್ತು ಅಂಟಿಸಿದ ಸಣ್ಣ ಸ್ಟಿಕ್ಕರ್ ಇತ್ತು: ಕಂಪನಿಯ ಹೆಸರು, ಮಾದರಿ, 3.0 ಮಿ.ಮೀ. ಅಗಲ, 28 ಮಿ.ಮೀ. ಉದ್ದ, ಬ್ಯಾಚ್ ಸಂಖ್ಯೆ. ಸಂಘದ ಆ ಸದಸ್ಯರ ಹದಿನಾಲ್ಕು ಪುಟಗಳ ಬಿಲ್ಲನ್ನು ಇನ್ನೊಮ್ಮೆ ಕೇಳಿ ಪಡೆದು ತಾಳೆ ನೋಡಿದೆ. ಕಂಪನಿಯೂ ಮಾದರಿಯೂ ಒಂದೇ. ಉದ್ದದಲ್ಲಿ ಮಾತ್ರ ವ್ಯತ್ಯಾಸ.

ಬಿಲ್ಲಿನಲ್ಲಿ ಬಾರದ ಖರ್ಚನ್ನೂ ಬರೆದಿಟ್ಟಿದ್ದೇನೆ, ಇಲ್ಲದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಸರ್ಕಾರಿ ಆಸ್ಪತ್ರೆಗೆ ಒಟ್ಟು ಹನ್ನೊಂದು ಸಲ ಹೋಗಿಬಂದೆವು. ಪ್ರಯಾಣ, ಲಾಡ್ಜ್, ಊಟ, ಹೊರಗೆ ಮಾಡಿಸಿದ ಎರಡು ರಕ್ತಪರೀಕ್ಷೆ, ಮಗ ಕಳೆದುಕೊಂಡ ಒಂಬತ್ತು ದಿನದ ಸಂಬಳ ಎಲ್ಲ ಸೇರಿ ₹31,000. ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರು ಸದಾ ಇರಬೇಕು, ರಿಪೋರ್ಟ್ ತರುವುದು, ಟ್ರಾಲಿ ಹುಡುಕುವುದು, ಸಹಿಗೆ ಓಡುವುದು ಎಲ್ಲ ಅವರದೇ ಕೆಲಸ. ಖಾಸಗಿಯಲ್ಲಿ ಆ ಕೆಲಸಕ್ಕೆ ಜನರಿದ್ದಾರೆ, ಅವರ ಸಂಬಳ ಬಿಲ್ಲಿನಲ್ಲಿದೆ. ಅತ್ತಿಗೆ ಮೂರು ರಾತ್ರಿ ವರಾಂಡದಲ್ಲಿ ಚಾಪೆ ಹಾಸಿ ಮಲಗಿದರು. ಅದಕ್ಕೆ ಯಾವ ಕಾಲಂನಲ್ಲಿ ಎಷ್ಟು ಬರೆಯಬೇಕೆಂದು ಗೊತ್ತಾಗದೆ ಬಿಟ್ಟಿದ್ದೇನೆ. ಅದನ್ನು ಬಿಟ್ಟು ಕೂಡಿದರೆ ನಮ್ಮ ಖರ್ಚು ₹93,200. ಖಾಸಗಿಯ ರಿಯಾಯಿತಿ ದರ, ಬಳಕೆಗೆ ತಕ್ಕ ಕನ್ಸ್ಯೂಮಬಲ್ಸ್ ಹೆಚ್ಚಾಗದೆ ಹಾಗೇ ನಿಂತಿದ್ದರೆ, ₹1,93,800. ಆ ಮಗನೇ ದಿನಗೂಲಿಯವನಾಗಿದ್ದು, ರಜೆ ಹಾಕಿದರೆ ಕೆಲಸವೇ ಹೋಗುವಂತಿದ್ದರೆ ಅಥವಾ ಅಣ್ಣನ ಜೊತೆ ಓಡಾಡಲು ಯಾರೂ ಇಲ್ಲದಿದ್ದರೆ ನಾನು ಈ ಲೆಕ್ಕವನ್ನು ಇಷ್ಟು ನಿರಾಳವಾಗಿ ಬರೆಯುತ್ತಿರಲಿಲ್ಲ.

ಈಗ ಉಳಿದಿರುವುದು ಔಷಧ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್, ರಕ್ತದೊತ್ತಡದ ಎರಡು ಮಾತ್ರೆ. ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಉಚಿತವಾಗಿ ಕೊಡುತ್ತಾರೆ, ಆದರೆ ಮೊದಲ ಎರಡು ತಿಂಗಳಲ್ಲೇ ಒಮ್ಮೆ ಅಟೊರ್ವಾಸ್ಟಾಟಿನ್ ದಾಸ್ತಾನು ಇಲ್ಲವೆಂದರು. ಮಾತ್ರೆಗಾಗಿ ಬಸ್ಸಿನಲ್ಲಿ ಹೋಗಿಬರುವ ಖರ್ಚಿಗಿಂತ ಜನೌಷಧಿ ಕೇಂದ್ರದಲ್ಲಿ ಕೊಳ್ಳುವುದೇ ಅಗ್ಗವೆಂದು ಲೆಕ್ಕ ಹಾಕಿ ಹಾಗೆಯೇ ಮಾಡುತ್ತಿದ್ದೇವೆ. ಸ್ಟೆಂಟ್ ಹೊಸದಾಗಿರುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಒಂದು ದಿನವೂ ತಪ್ಪಿಸಬಾರದು ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಅಣ್ಣ ಅದನ್ನು ಕತ್ತರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ. ವರ್ಷ ತುಂಬಿದ ಮೇಲೆ ಕ್ಲೊಪಿಡೊಗ್ರೆಲ್ ನಿಲ್ಲಿಸಬಹುದೋ ಇಲ್ಲವೋ ಎಂದು ನೋಡಿ ಹೇಳುತ್ತಾರಂತೆ. ನನ್ನ ಲೆಕ್ಕದ ಪುಸ್ತಕದಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.